ಖಾಲಿ ಹಾಳೆಗೂ ಗೌರವ ಬೇಕು

(ಶಾಲಾ ವರ್ಷದ ಕೊನೆಯಲ್ಲಿ ನಡೆದ ಪೋಷಕರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)

ಪರೀಕ್ಷೆ ಮುಗಿದಿದೆ. ಇನ್ನು ಕೆಲವೇ ದಿನಗಳಲ್ಲಿ ನಮ್ಮ ಮನೆಗಳ ಮೂಲೆಯಲ್ಲಿ ಹಳೆಯ ನೋಟ್‌ಬುಕ್ಕುಗಳ ರಾಶಿ ಬೀಳುತ್ತದೆ. ಗುಜರಿಯವರು ಬಂದು ತೂಕ ಮಾಡಿ ಕೊಂಡೊಯ್ಯುತ್ತಾರೆ. ಅವರಿಗೆ ಕೊಡುವ ಮುನ್ನ ಒಂದು ಪುಸ್ತಕವನ್ನಾದರೂ ತೆರೆದು ನೋಡಿರಿ. ಮೊದಲ ಪುಟಗಳಲ್ಲಿ ಬರಹವಿದೆ, ಕೊನೆಯ ಪುಟಗಳು ಬೆಳ್ಳಗೆ ಹಾಗೆಯೇ ಉಳಿದಿವೆ. ಹಣ ಕೊಟ್ಟು ಕೊಂಡ ಬಿಳಿ ಹಾಳೆಯನ್ನು ನಾವು ರದ್ದಿಯ ಬೆಲೆಗೆ ಮಾರುತ್ತಿದ್ದೇವೆ.

ಇದು ಕ್ಷುಲ್ಲಕ ವಿಷಯವೆಂದು ಕೆಲವರಿಗೆ ತೋರಬಹುದು. ಲೆಕ್ಕ ಹಾಕಿ ನೋಡೋಣ. ಒಂದು ಮಗುವಿನ ಆರು ಪುಸ್ತಕಗಳಲ್ಲಿ ತಲಾ 40 ಪುಟ ಉಳಿದರೆ ಒಟ್ಟು 240 ಪುಟವಾಯಿತು. 400 ಮಕ್ಕಳಿರುವ ಶಾಲೆಯಲ್ಲಿ ಅದು 96,000 ಪುಟ, ಅಂದರೆ 200 ಪುಟಗಳ 480 ಪುಸ್ತಕ. ಅದೇ ಶಾಲೆಯಲ್ಲಿ ಜೂನ್ ತಿಂಗಳ ಪುಸ್ತಕ ಖರೀದಿಗೆ ಸಾಲ ಮಾಡುವ ತಂದೆಯೂ ಇರುತ್ತಾನೆಂಬುದನ್ನು ನಾವು ಮರೆಯಬಾರದು.

ಈ ಹಾಳೆಯ ನಿಜವಾದ ಬೆಲೆಯನ್ನು ತೆತ್ತವರು ಬೇರೆಯೂ ಇದ್ದಾರೆ. ಉತ್ತರ ಕನ್ನಡದ ಕಾಡಿನ ಬಿದಿರನ್ನು ಸರಕಾರವು 1950ರ ದಶಕದಲ್ಲಿ ದಾಂಡೇಲಿಯ ಕಾಗದ ಕಾರ್ಖಾನೆಗೆ ಟನ್ನಿಗೆ ಕೇವಲ ಒಂದೂವರೆ ರೂಪಾಯಿಯಂತೆ ನೀಡಿತ್ತೆಂದು ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಬರೆದಿದ್ದಾರೆ. ಬುಟ್ಟಿ ಹೆಣೆದು ಬದುಕುವ ಮೇದಾರರು ಅದೇ ಬಿದಿರಿಗೆ ಪೇಟೆಯಲ್ಲಿ ಅದರ ಅನೇಕ ಪಟ್ಟು ತೆರಬೇಕಾಗಿತ್ತು. ಎಂದೂ ಬರಿದಾಗದೆಂದು ಭಾವಿಸಿದ್ದ ಬಿದಿರು ಕೆಲವೇ ವರ್ಷಗಳಲ್ಲಿ ಕ್ಷೀಣಿಸಿತು. ಅಗ್ಗವಾಗಿ ಸಿಕ್ಕಿದ್ದನ್ನು ಯಾರೂ ಜೋಪಾನ ಮಾಡುವುದಿಲ್ಲ. ಕಾರ್ಖಾನೆಯ ವಿಷಯದಲ್ಲಿ ಇದು ಎಷ್ಟು ಸತ್ಯವೋ ನಮ್ಮ ಮಕ್ಕಳ ವಿಷಯದಲ್ಲಿಯೂ ಅಷ್ಟೇ ಸತ್ಯ.

ನಮ್ಮ ಮನೆಗಳಲ್ಲಿ ಒಂದು ಒಳ್ಳೆಯ ರೂಢಿಯಿದೆ. ಅರಬಿ ಅಕ್ಷರವಿರುವ ಹಾಳೆ ನೆಲಕ್ಕೆ ಬಿದ್ದರೆ ಎತ್ತಿ ಕಣ್ಣಿಗೊತ್ತಿಕೊಳ್ಳುತ್ತೇವೆ. ಹರಿದ ಮದ್ರಸ ಪುಸ್ತಕವನ್ನು ರದ್ದಿಗೆ ಹಾಕಲು ಮನಸ್ಸಾಗದೆ ಅಟ್ಟದ ಮೇಲೆ ಜೋಪಾನವಾಗಿಡುತ್ತೇವೆ. ಬರೆದ ಹಾಳೆಗೆ ಇಷ್ಟು ಗೌರವ ಕೊಡುವ ನಾವು ಖಾಲಿ ಹಾಳೆಯನ್ನು ಮಾತ್ರ ಕಸದ ಬುಟ್ಟಿಗೆ ಎಸೆಯುತ್ತೇವೆ. ಹರಿಯುವ ನದಿಯ ಬಳಿಯಲ್ಲಿಯೂ ವುಝೂವಿನ ನೀರನ್ನು ಪೋಲು ಮಾಡಬಾರದೆಂದು ಮಕ್ಕಳಿಗೆ ಕಲಿಸುವ ನಾವು ಹಾಳೆಯ ವಿಷಯದಲ್ಲೇಕೆ ಮೌನವಾಗಿದ್ದೇವೆ? 8ನೇ ಶತಮಾನದ ಕೊನೆಯಲ್ಲಿ ಬಗ್ದಾದಿನಲ್ಲಿ ಕಾಗದದ ತಯಾರಿಕೆ ಆರಂಭವಾಯಿತು. ಆ ಕಾಲದ ಕಾಗದವನ್ನು ಚಿಂದಿ ಬಟ್ಟೆ, ಹಳೆಯ ಹಗ್ಗಗಳಿಂದ ಮಾಡುತ್ತಿದ್ದರು. ಜನರು ಎಸೆದ ವಸ್ತುವಿನಿಂದ ಜ್ಞಾನ ಭಂಡಾರವನ್ನು ಕಟ್ಟಿದ ಪರಂಪರೆ ನಮ್ಮದು.

ಶಿಕ್ಷಕರಲ್ಲಿ ನಮ್ಮದೊಂದು ವಿನಂತಿಯಿದೆ. ಪ್ರತಿ ವಿಷಯಕ್ಕೂ ಕ್ಲಾಸ್ ವರ್ಕ್, ಹೋಮ್ ವರ್ಕ್ ಎಂದು ಎರಡೆರಡು ದಪ್ಪ ಪುಸ್ತಕಗಳು ಅಗತ್ಯವೇ ಎಂದು ಯೋಚಿಸಿರಿ. ಕಳೆದ ವರ್ಷದ ಪುಸ್ತಕ ಅರ್ಧ ಖಾಲಿಯಿದ್ದರೆ ಅದರಲ್ಲಿಯೇ ಮುಂದುವರಿಸಲು ಅನುಮತಿ ಕೊಡಿರಿ. ಪ್ರಶ್ನೆಪತ್ರಿಕೆಯನ್ನು ಹಾಳೆಯ ಎರಡೂ ಬದಿಗೆ ಮುದ್ರಿಸಿರಿ. ಮೊಬೈಲಿನಲ್ಲಿ ತಿಳಿಸಬಹುದಾದ ಸೂಚನೆಯನ್ನು ಮತ್ತೆ ಚೀಟಿಯಲ್ಲಿಯೂ ಕಳುಹಿಸಬೇಡಿರಿ.

ತಾಯಂದಿರೇ, ಸಹೋದರರೇ, ನಮ್ಮ ಪಾಲಿನ ಕೆಲಸವೂ ಇದೆ. ಉಳಿದ ಬಿಳಿ ಹಾಳೆಗಳನ್ನು ಬಿಡಿಸಿ, ಜೋಡಿಸಿ, ದಪ್ಪ ದಾರದಿಂದ ಹೊಲಿದರೆ ರಫ್ ಪುಸ್ತಕ ಸಿದ್ಧ. ಆದರೆ ಇಲ್ಲಿ ಒಂದು ಎಚ್ಚರ ಅಗತ್ಯ. ಬಡವರ ಮಕ್ಕಳು ಮಾತ್ರ ಹೊಲಿದ ಪುಸ್ತಕ ತಂದರೆ ಅದು ಅವರ ಪಾಲಿಗೆ ಅವಮಾನದ ಗುರುತಾಗುತ್ತದೆ. ಯಾವ ಮಗುವೂ ಮಿತವ್ಯಯದ ಹೆಸರಿನಲ್ಲಿ ತಲೆ ತಗ್ಗಿಸುವಂತಾಗಬಾರದು. ಆದ್ದರಿಂದ ಈ ಕೆಲಸ ಉಳ್ಳವರ ಮನೆಯಿಂದಲೇ ಆರಂಭವಾಗಲಿ. ಅಂಗಡಿ ಮಾಲಕರ ಮಗ, ವೈದ್ಯರ ಮಗಳು, ಶಿಕ್ಷಕರ ಮಕ್ಕಳು ಮೊದಲು ಹೊಲಿದ ಪುಸ್ತಕವನ್ನು ತರಲಿ. ಆಗ ಅದು ಬಡತನದ ಗುರುತಾಗದೆ ಇಡೀ ಶಾಲೆಯ ಶಿಸ್ತಾಗುತ್ತದೆ.

ಸೂಜಿ ದಾರ ಎಲ್ಲರ ಮನೆಯಲ್ಲೂ ಇದೆ. ಈ ರಜೆಯ ಒಂದು ಸಂಜೆ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಪುಸ್ತಕ ಹೊಲಿಯಿರಿ. ಮೊದಲ ಪುಟದ ಮೇಲೆ ಮಗುವೇ ತನ್ನ ಹೆಸರನ್ನು ಬರೆಯಲಿ. ತನ್ನ ಕೈಯಿಂದ ಹೊಲಿದ ಪುಸ್ತಕದ ಹಾಳೆಯನ್ನು ಯಾವ ಮಗುವೂ ಸುಮ್ಮನೆ ಹರಿದು ಎಸೆಯದು.