ಅಳತೆ ಜಾಡಿಯಲ್ಲಿ ಅರ್ಧ ಗಂಟೆ



ಕೊಳಚೆ ನೀರಿನ ವಿಷಯ ಬಂದಾಗಲೆಲ್ಲ ನಾವು ಎಂಎಲ್‌ಡಿಯಲ್ಲೇ, ಅಂದರೆ ದಿನಕ್ಕೆ ಎಷ್ಟು ದಶಲಕ್ಷ ಲೀಟರ್ ಎಂಬ ಲೆಕ್ಕದಲ್ಲೇ, ಮಾತಾಡುತ್ತೇವೆ: ಇಷ್ಟು ಕಟ್ಟಿದೆವು, ಇನ್ನಿಷ್ಟು ಬೇಕು. ಅದು ಕಾಂಕ್ರೀಟಿನ ಲೆಕ್ಕ. ಆ ಕಾಂಕ್ರೀಟಿನೊಳಗೆ ಬದುಕಬೇಕಾದ ಜೀವಿಗಳ ಯೋಗಕ್ಷೇಮ ಈ ಸಂಕಿರಣದಲ್ಲಿ ಮುನ್ನೆಲೆಗೆ ಬರಲಿ ಎಂಬುದೇ ನನ್ನ ಆಶಯ.

ಶುದ್ಧೀಕರಣ ಸ್ಥಾವರದಲ್ಲಿ ಜರಡಿ ಚಿಂದಿಯನ್ನು ತಡೆಯುತ್ತದೆ, ಮರಳು ತಳಕ್ಕಿಳಿಯುತ್ತದೆ, ಅಷ್ಟು ಸುಲಭ. ನೀರಿನಲ್ಲಿ ಕರಗಿದ ಕೊಳೆಯನ್ನು ಮಾತ್ರ ಬ್ಯಾಕ್ಟೀರಿಯಾಗಳೇ ತಿಂದು ಮುಗಿಸಬೇಕು. 1914ರಲ್ಲಿ ಮ್ಯಾಂಚೆಸ್ಟರಿನ ಆರ್ಡರ್ನ್ ಮತ್ತು ಲಾಕೆಟ್ ಕೊಳಚೆಗೆ ಗಾಳಿಯೂದಿ, ತಳದಲ್ಲಿ ಕೂತ ಕೆಸರನ್ನು ಚೆಲ್ಲದೆ ಉಳಿಸಿಕೊಂಡು, ಹೊಸ ಕೊಳಚೆಗೆ ಬೆರೆಸಿ ನೋಡಿದರು. ವಾರಗಟ್ಟಲೆ ಹಿಡಿಯುತ್ತಿದ್ದ ಶುದ್ಧೀಕರಣ ಗಂಟೆಗಳಿಗಿಳಿಯಿತು. ನಿನ್ನೆಯ ಮೊಸರು ಇಂದಿನ ಹಾಲಿಗೆ ಹೆಪ್ಪಾಗುವಂತೆ, ಹಳೆಯ ಕೆಸರು ಹೊಸ ನೀರನ್ನು ಪಳಗಿಸುತ್ತದೆ.

ಈ ಕೆಸರು ಹೇಗಿದೆಯೆಂದು ತಿಳಿಯಲು ಒಂದು ಲೀಟರಿನ ಅಳತೆ ಜಾಡಿ, ಅರ್ಧ ಗಂಟೆ ಸಾಕು. ಗಾಳಿಯೂದುವ ಏರೇಶನ್ ಟ್ಯಾಂಕಿನ ನೀರು ತುಂಬಿ, ಅಲುಗಿಸದೆ ಇಡಿ. ಕೆಸರು ಕಂದು ಬಣ್ಣದ್ದಾಗಿ, ಮಣ್ಣಿನ ವಾಸನೆ ಬೀರುತ್ತ ನೀಟಾಗಿ ತಳಕ್ಕೆ ಕೂತು ಮೇಲಿನ ನೀರು ತಿಳಿಯಾದರೆ ಟ್ಯಾಂಕು ಆರೋಗ್ಯವಾಗಿದೆ. ಕಪ್ಪಾಗಿ ಕೊಳೆತ ಮೊಟ್ಟೆಯಂತೆ ನಾತ ಹೊಡೆದರೆ ಗಾಳಿ ಸಾಲದಾಗಿದೆ. ಹತ್ತಿಯಂತೆ ಉಬ್ಬಿ ಕೆಳಗಿಳಿಯದಿದ್ದರೆ ನೂಲಿನಂಥ ಬ್ಯಾಕ್ಟೀರಿಯಾಗಳು ಹೆಚ್ಚಿರುವ ಗುಮಾನಿ. ಸ್ಥಾವರದ ವಿದ್ಯುತ್ ಬಿಲ್ಲಿನಲ್ಲಿ ಸಿಂಹಪಾಲು ಈ ಗಾಳಿಯೂದುವ ಬ್ಲೋವರ್‌ಗಳದ್ದು. ಉಳಿತಾಯದ ಮಾತು ಬಂದಾಗ ಮೊದಲು ನಿಲ್ಲುವುದೂ ಅವೇ. ತಪಾಸಣೆಯ ದಿನ ಮಾತ್ರ ಓಡುವ ಬ್ಲೋವರ್‌ಗಳ ಬಗ್ಗೆ ಈ ಸಭೆಯಲ್ಲಿ ಯಾರಿಗೂ ಹೊಸದಾಗಿ ಹೇಳಬೇಕಿಲ್ಲ.

ಹೆಚ್ಚುವರಿ ಕೆಸರನ್ನು ಆಗಾಗ ಹೊರತೆಗೆದು, ಹಿಂಡಿ, ಒಣಗಿಸಬೇಕು. ಇದಕ್ಕೆ ಜಾಗವೂ ಖರ್ಚೂ ಬೇಕಾದ್ದರಿಂದ ಅಪಾರ್ಟ್‌ಮೆಂಟ್‌ಗಳ ನೆಲಮಾಳಿಗೆಯ ಕೊಳಚೆ ಶುದ್ಧೀಕರಣ ಘಟಕಗಳಲ್ಲಿ (ಎಸ್‌ಟಿಪಿ) ನಾಳೆ ನೋಡೋಣ ಎಂದು ಬಿಡುವ ಕೆಲಸ ಇದೇ. ತೆಗೆಯದ ಕೆಸರು ಒಂದು ದಿನ ಶುದ್ಧವಾದ ನೀರಿನ ಜೊತೆಗೇ ಹೊರಗೆ ಹೊರಡುತ್ತದೆ.

ಇನ್ನು ಕೋಲಾರ. 2018ರ ಜೂನ್‌ನಲ್ಲಿ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಶುದ್ಧೀಕರಿಸಿದ ಕೊಳಚೆ ನೀರು, ಕೆರೆ ತುಂಬಿಸುವ ಯೋಜನೆಯಡಿ, ಅಲ್ಲಿನ ಲಕ್ಷ್ಮೀಸಾಗರ ಕೆರೆ ತಲುಪಿತು. ಯೋಜನೆಯ ಗಾತ್ರ 440 ಎಂಎಲ್‌ಡಿ. ಕೆಲವೇ ವಾರಗಳಲ್ಲಿ ನೊರೆ ಕಾಣಿಸಿ, ವಿಷಯ ಹೈಕೋರ್ಟ್ ಮೆಟ್ಟಿಲೇರಿತು. ಒಣಗಿದ ಕೆರೆ ತುಂಬಿದ್ದಕ್ಕೆ ರೈತರಿಗಾದ ಸಂತೋಷ ಸುಳ್ಳಲ್ಲ. ಎರಡನೇ ಹಂತದ ಶುದ್ಧೀಕರಣ ಸಾಕೇ ಎಂದು ಕೇಳಿದವರ ಆತಂಕವೂ ಸುಳ್ಳಲ್ಲ. ಸಾವಯವ ಕೊಳೆಯನ್ನು ತಗ್ಗಿಸುವ ಎರಡನೇ ಹಂತ, ಅದಕ್ಕೆಂದೇ ವಿನ್ಯಾಸ ಮಾಡದ ಹೊರತು, ಸಾರಜನಕ-ರಂಜಕವನ್ನು ಬಹುಪಾಲು ಹಾಗೇ ಬಿಡುತ್ತದೆ. ಉಳಿದದ್ದನ್ನು ಕೆರೆಯ ಪಾಲಿಗೆ ಬಿಟ್ಟರೆ ಆ ಕೆರೆಯೇ ಮೂರನೇ ಹಂತದ ಸ್ಥಾವರವಾಗುತ್ತದೆ, ಅದೂ ಆಪರೇಟರ್ ಇಲ್ಲದ ಸ್ಥಾವರ. ನನ್ನ ಮಟ್ಟಿಗೆ ನೀರು ಕಳಿಸಬೇಕೇ ಎಂಬ ಪ್ರಶ್ನೆ ಮುಗಿದಿದೆ. ಕಳಿಸುವ ಮುನ್ನ ರಂಜಕ ತೆಗೆಯುವ ಖರ್ಚು ಯಾರದ್ದು ಎಂಬುದು ಮುಗಿದಿಲ್ಲ.

ಸಂಘಟಕರಲ್ಲಿ ಒಂದೇ ಕೋರಿಕೆ: ಮಧ್ಯಾಹ್ನದ ಗೋಷ್ಠಿಯಲ್ಲಿ ಮೊದಲ ಮಾತು ರಾತ್ರಿ ಪಾಳಿ ಮುಗಿಸಿ ನೇರ ಇಲ್ಲಿಗೆ ಬಂದಿರುವ ಆಪರೇಟರ್‌ಗಳದ್ದಾಗಲಿ. ಅವರು ತಂದಿರುವ ಲಾಗ್‌ಬುಕ್ ತೆರೆದ ಮೇಲೆ ನಮ್ಮ ಪ್ರಬಂಧಗಳನ್ನು ಓದೋಣ.