ಹೂವಿನ ತೋಟ ನೋಡಿ ಬಂದ ಮೇಲೆ
(ರಜತ ಮಹೋತ್ಸವ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಆಡಿದ ಮಾತು)



ಕಳೆದ ಸರ್ವಸದಸ್ಯರ ಸಭೆಯಲ್ಲಿ ಒಬ್ಬ ಯುವಕರು ಕೇಳಿದ್ದರು: "ಜಮ್ಮು ಕಾಶ್ಮೀರದ ಭದರ್ವಾಹದಲ್ಲಿ ಲ್ಯಾವೆಂಡರ್ ಹೂ ಬೆಳೆದು, 2022ರಲ್ಲಿ ಅದರದ್ದೇ ಹಬ್ಬ ಶುರು ಮಾಡಿದರಂತೆ. ಜೋಗಕ್ಕೆ ಬರೋ ಜನ ಇಲ್ಲೂ ನಿಲ್ಲೋ ಹಾಗೆ ನಾವ್ಯಾಕೆ ಮಾಡಬಾರದು?"

ಲ್ಯಾವೆಂಡರ್ ತಂಪು ಸೀಮೆಯ ಗಿಡ. ಬೇರಿನಲ್ಲಿ ನೀರು ನಿಂತರೆ ಕೊಳೆಯುತ್ತದೆ. ನಮ್ಮ ಮಳೆಗಾಲಕ್ಕೆ ತಡೆಯುವುದಿಲ್ಲ. ಆದರೆ ಪ್ರಶ್ನೆ ತಳ್ಳಿ ಹಾಕುವಂಥದ್ದಲ್ಲ. ಎಲೆಚುಕ್ಕಿ ರೋಗ ಬಂದ ಮೇಲೆ ಅಡಿಕೆಯೊಂದನ್ನೇ ನಂಬಿ ಕೂರುವ ಹಾಗಿಲ್ಲ. ಅದಕ್ಕೇ ನಾವು ಕೆಲವರು ಹುಲಿಕಲ್ ಘಾಟಿ ಇಳಿದು, ಉಡುಪಿ ಜಿಲ್ಲೆಯ ಶಂಕರಪುರಕ್ಕೆ ಹೋಗಿ ಮಲ್ಲಿಗೆ ತೋಟ ನೋಡಿ ಬಂದೆವು.

ತೋಟ ಎಂದರೆ ಎಕರೆಗಟ್ಟಲೆ ಅಲ್ಲ, ಮನೆ ಹಿತ್ತಿಲ ಕೆಲವೇ ಸೆಂಟ್ಸ್. ಬೆಳಗ್ಗೆ ಮೊಗ್ಗು ಬಿಡಿಸಿ, ಬಾಳೆ ನಾರಿನಲ್ಲಿ ಕಟ್ಟುತ್ತಾರೆ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಟ್ಟೆಗೆ ಇಂದಿನ ದರ ಎಷ್ಟೆಂದು ದಿನಾ ಶಂಕರಪುರದ ಕಟ್ಟೆಯಲ್ಲಿ ತೀರ್ಮಾನವಾಗುತ್ತದೆ. ಮದುವೆ, ಚೌತಿ, ನೇಮ ಬಂದರೆ ದರ ಏರುತ್ತದೆ, ಉಳಿದಂತೆ ಇಳಿಯುತ್ತದೆ. ಆದರೆ ಕೊಳ್ಳುವುದು ನಿಲ್ಲುವುದಿಲ್ಲ. ಹೂ ಕಟ್ಟುತ್ತಿದ್ದ ಒಬ್ಬ ಅಮ್ಮ ಹೇಳಿದರು: "ಗಿಡ ಯಾರು ಬೇಕಾದರೂ ನೆಡಬಹುದು ಮಾರಾಯ್ರೆ. ಇವತ್ತಿನ ಹೂ ಇವತ್ತೇ ತೆಕ್ಕೊಳ್ಳುವವರು ಬೇಕಲ್ಲ?"

ಆ ಮಾತು ಕೇಳಿ ನಮಗೆ ವೆನಿಲ್ಲಾ ನೆನಪಾಯಿತು. 2000ದಲ್ಲಿ ಮಡಗಾಸ್ಕರಿನ ಬೆಳೆ ಚಂಡಮಾರುತಕ್ಕೆ ಸಿಕ್ಕಿ, 2003ರ ಹೊತ್ತಿಗೆ ಇಲ್ಲಿ ಹಸಿ ಕೋಡಿನ ಬೆಲೆ ಕಿಲೋಗೆ ಮೂರು ಸಾವಿರ ದಾಟಿತ್ತು. ನಾವೂ ಸಾಲ ಮಾಡಿ ಬಳ್ಳಿ ಹಬ್ಬಿಸಿದೆವು, ರಾತ್ರಿ ಟಾರ್ಚು ಹಿಡಿದು ಕಾವಲು ಕೂತೆವು. ನಮ್ಮ ಕೋಡು ಕೊಯ್ಲಿಗೆ ಬರುವಷ್ಟರಲ್ಲಿ ಬೆಲೆ ನೆಲ ಕಚ್ಚಿತು. ಕೇಳುವವರೇ ಇಲ್ಲ. ಬಳ್ಳಿ ಕಿತ್ತು ಗೊಬ್ಬರದ ಗುಂಡಿಗೆ ಹಾಕಿದ್ದು ಒಂದೇ ದಿನ, ಸಾಲ ತೀರಿಸಿದ್ದು ಐದು ವರ್ಷ. ಇಲ್ಲಿ ಕೂತವರಲ್ಲಿ ಎಷ್ಟೋ ಜನರ ಕಥೆಯೂ ಇದೇ.

ಪರಿಮಳದ ಬೆಳೆ ನಮ್ಮಲ್ಲಿ ಇಲ್ಲವೇ? ಅಪ್ಪೆಮಿಡಿ ಇದೆ. ಹೊಳೆದಂಡೆಯ ಮರ ಅದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ದಂಡೆಯೇ ಮುಳುಗಿತು. ಉಳಿದ ಮರಗಳನ್ನು ಈಗ ಮಿಡಿಯ ಆಸೆಗೆ ಕೊಂಬೆ ಸಮೇತ ಕಡಿಯುತ್ತಾರೆ. ಕೆಳಗೆ ಬಿದ್ದು ಪೆಟ್ಟಾದ ಮಿಡಿ ಉಪ್ಪಿನಕಾಯಿಗೆ ಬರುವುದಿಲ್ಲ. ತೊಟ್ಟು ಉಳಿಸಿ ಕೈಯಲ್ಲೇ ಕೊಯ್ದರೆ ಸೊನೆ ಒಳಗೇ ನಿಲ್ಲುತ್ತದೆ, ಪರಿಮಳವೂ ನಿಲ್ಲುತ್ತದೆ.

ನಮ್ಮ ಸಲಹೆ ಇಷ್ಟೇ. ಮುಂದಿನ ಮಿಡಿ ಕಾಲಕ್ಕೆ ಸಂಘದ ಗೋದಾಮಿನ ಜಗುಲಿಯಲ್ಲೇ ಒಂದು ಕಟ್ಟೆ ಮಾಡೋಣ. ತೊಟ್ಟು ಇರುವ ಮಿಡಿಯನ್ನು ಲೆಕ್ಕ ಮಾಡಿ ಕೊಳ್ಳೋಣ, ದಿನದ ದರವನ್ನು ಬೋರ್ಡಿನಲ್ಲಿ ಬರೆಯೋಣ. ಕೊಂಬೆ ಕಡಿದು ತಂದರೆ ಬೇಡ ಎನ್ನೋಣ. ಎರಡು ವರ್ಷ ಕಟ್ಟೆ ನಡೆದರೆ ಆಮೇಲೆ ಕಸಿ ಗಿಡಕ್ಕೆ ಸಾಲ ಕೊಡುವ ಮಾತಾಡೋಣ. ಮೊದಲು ಕೊಳ್ಳುವ ಕಟ್ಟೆ, ಆಮೇಲೆ ನೆಡುವ ಗುಂಡಿ.

ಇನ್ನು ಹಬ್ಬದ ಮಾತು. ಭೂಮಿ ಹುಣ್ಣಿಮೆಗೆ ನಮ್ಮ ಹೆಣ್ಣುಮಕ್ಕಳು ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆಯುತ್ತಾರೆ. ನಾವು ಬಸುರಾದ ಗದ್ದೆಗೆ ಚರಗ ಚೆಲ್ಲುತ್ತೇವೆ. ಜನರನ್ನು ಕರೆಯಲೆಂದು ಯಾರೂ ಅದನ್ನು ಶುರು ಮಾಡಲಿಲ್ಲ. ಗದ್ದೆಯಲ್ಲಿ ಬೆಳೆ ಇತ್ತು, ಹಬ್ಬ ಹಿಂದೆ ಬಂತು. ಮಿಡಿಗೂ ಹಾಗೇ ಆಗಲಿ.