ಒಂದು ಸಲ ನೆಟ್ಟರೆ ಮೂರು ವರ್ಷ ಮೇವು
(ಕಲಿಕಾ ಕೇಂದ್ರದಲ್ಲಿ ಸಂಯೋಜಕಿ ಆಡಿದ ಮಾತು)



ಇವತ್ತು ಪಾಠದ ಪುಸ್ತಕ ಸ್ವಲ್ಪ ಹೊತ್ತು ಪಕ್ಕಕ್ಕಿಡೋಣ. ಹುಲ್ಲಿನ ಬಗ್ಗೆ ಮಾತಾಡೋಣ.

ನಮ್ಮ ಹೊಸೂರು, ತಳಿ, ಡೆಂಕಣಿಕೋಟೆ ಕಡೆ ಬೇಸಿಗೆ ಬಂದರೆ ಏನಾಗುತ್ತೆ ಅಂತ ನಿಮಗೇ ಗೊತ್ತು. ಬದುವಿನ ಹುಲ್ಲು ಒಣಗುತ್ತೆ. ರಾಗಿ ಹುಲ್ಲಿನ ಮೆದೆ ಕರಗುತ್ತಾ ಬರುತ್ತೆ. ಹಸು ಹಾಲು ಇಳಿಸುತ್ತೆ. ಹಿಂಡಿ ಅಂಗಡಿಯ ಸಾಲ ಮಾತ್ರ ಇಳಿಯಲ್ಲ. ಅಂಥ ಒಂದು ಬೇಸಿಗೆಯಲ್ಲಿ ನಮ್ಮಮ್ಮ ಕರೆಯೋ ಹಸುವನ್ನೇ ಸಂತೆಗೆ ಹೊಡ್ಕೊಂಡು ಹೋದಳು. ಮೇವಿಲ್ಲ, ಅದೊಂದೇ ಕಾರಣ. ಹಗ್ಗ ಮಾತ್ರ ಕೈಯಲ್ಲಿ ಹಿಡ್ಕೊಂಡು ಬಂದಳು. ಅವತ್ತು ರಾತ್ರಿ ನಮ್ಮ ಮನೇಲಿ ಯಾರೂ ಸರಿಯಾಗಿ ಉಣ್ಣಲಿಲ್ಲ.

ಮತ್ತೆ ಹಸು ಕಟ್ಟೋ ಮೊದಲು ನಾವು ಹುಲ್ಲು ನೆಟ್ಟೆವು. ಅದರ ಹೆಸರು ಹೈಬ್ರಿಡ್ ನೇಪಿಯರ್. ಇದು ಎರಡು ಗಿಡ ಕೂಡಿಸಿ ಮಾಡಿದ ತಳಿ. ಒಂದು ನಮ್ಮ ಸಜ್ಜೆ. ಇನ್ನೊಂದು ಆಫ್ರಿಕಾದಿಂದ ಬಂದ ಆನೆ ಹುಲ್ಲು. ಸಜ್ಜೆಯಿಂದ ಮೃದುವಾದ ಎಲೆ ಬಂತು. ಆನೆ ಹುಲ್ಲಿನಿಂದ ವರ್ಷಗಟ್ಟಲೆ ಬದುಕುವ ಬುಡ ಬಂತು. ತಮಿಳಿನಲ್ಲಿ ಇದನ್ನು ಕಂಬು ನೇಪಿಯರ್ ಅಂತಾರೆ. ಕಂಬು ಅಂದರೆ ಸಜ್ಜೆ, ಕಂಬ ಅಲ್ಲ. ಕೊಯಮತ್ತೂರಿನ ಕೃಷಿ ವಿಶ್ವವಿದ್ಯಾಲಯದವರು 2008ರಲ್ಲಿ ಕೋ-4, 2012ರಲ್ಲಿ ಕೋ-5 ಅನ್ನೋ ತಳಿ ಕೊಟ್ಟರು. 'ಕೋ' ಅಂದರೆ ಕೊಯಮತ್ತೂರು.

ಒಂದು ಮಾತು ಚೆನ್ನಾಗಿ ನೆನಪಿಡಿ. ಈ ಹುಲ್ಲಿಗೆ ಮೊಳೆಯುವ ಬೀಜ ಇಲ್ಲ. ಯಾರಾದರೂ ಪೊಟ್ಟಣ ತೋರಿಸಿ "ಹೈಬ್ರಿಡ್ ನೇಪಿಯರ್ ಬೀಜ" ಅಂದರೆ ದುಡ್ಡು ಕೊಡಬೇಡಿ. ಇದನ್ನು ಕಬ್ಬಿನ ಹಾಗೆ ತುಂಡು ಮಾಡಿಯೇ ನೆಡಬೇಕು. ಇಲ್ಲವೇ ಬುಡ ಸೀಳಿ ಬೇರಿನ ಸಮೇತ ನೆಡಬೇಕು.

ಮೂರು ತಿಂಗಳು ಬೆಳೆದ ದಂಟು ತಗೊಳ್ಳಿ. ಒಂದೊಂದು ತುಂಡಿಗೆ ಎರಡು ಗೆಣ್ಣು ಇರಲಿ. ಒಂದು ಗೆಣ್ಣು ಮಣ್ಣಿನೊಳಗೆ, ಒಂದು ಮೇಲೆ. ಗೆಣ್ಣಿನ ಕಣ್ಣು ಆಕಾಶ ನೋಡಬೇಕು. ನಾನು ಬಿ.ಎ. ಓದಿದವಳು, ಮೊದಲ ಎರಡು ಸಾಲು ತಲೆಕೆಳಗಾಗಿ ನೆಟ್ಟಿದ್ದೆ! ಅಕ್ಷರ ಬಾರದ ನಮ್ಮಮ್ಮ ನೋಡಿ ನಕ್ಕಳು. ಎಲ್ಲಾ ಕಿತ್ತು ಮತ್ತೆ ನೆಡಿಸಿದಳು.

ಸಾಲಿನಿಂದ ಸಾಲಿಗೆ ಎರಡು ಅಡಿ. ಗಿಡದಿಂದ ಗಿಡಕ್ಕೆ ಒಂದೂವರೆ ಅಡಿಗಿಂತ ತುಸು ಹೆಚ್ಚು. ಒಂದು ಸೆಂಟು ಜಾಗಕ್ಕೆ ಸುಮಾರು 135 ತುಂಡು ಬೇಕು. ನೆಡುವ ಮುಂಚೆ ಸೆಂಟಿಗೆ 100 ಕಿಲೋ ಕೊಟ್ಟಿಗೆ ಗೊಬ್ಬರ ಹಾಕಿ. ನೀರು ವಾರಕ್ಕೊಮ್ಮೆ ಸಾಕು. ಬಚ್ಚಲ ನೀರು, ಕೊಟ್ಟಿಗೆ ತೊಳೆದ ನೀರು ಹರಿಸಿದರೂ ಆಯ್ತು. ಆದರೆ ನೀರು ನಿಲ್ಲಬಾರದು, ಬುಡ ಕೊಳೆಯುತ್ತೆ.

ಎಷ್ಟು ಜಾಗ ಬೇಕು? ಲೆಕ್ಕ ಹಾಕೋಣ, ಸ್ಲೇಟು ತೆಗೀರಿ. ಚೆನ್ನಾಗಿ ನೀರು, ಗೊಬ್ಬರ ಕೊಟ್ಟರೆ ಒಂದು ಸೆಂಟಿನಲ್ಲಿ ವರ್ಷಕ್ಕೆ ಒಂದೂವರೆ ಟನ್ ಬರುತ್ತೆ ಅಂತಾರೆ. ಅಂದರೆ ದಿನಕ್ಕೆ 4 ಕಿಲೋ. ಅದು ದೊಡ್ಡವರ ಹೊಲದ ಲೆಕ್ಕ. ನಾವು ಅರ್ಧ, 2 ಕಿಲೋ ಅಂತ ಇಟ್ಕೊಳ್ಳೋಣ. ಒಂದು ಹಸುವಿಗೆ ದಿನಕ್ಕೆ 20 ಕಿಲೋ ಹಸಿ ಮೇವು ಹಿಡೀರಿ. ಎಷ್ಟು ಸೆಂಟು ಆಯ್ತು? ಹತ್ತು. ಹತ್ತು ಇಲ್ಲದಿದ್ದರೆ ಎರಡರಿಂದ ಶುರು ಮಾಡಿ. ಅದರಲ್ಲೇ ಮುಂದಿನ ತುಂಡೂ ಸಿಗುತ್ತೆ.

ಈಗ ಕೊಯ್ಲು. ಹೆಚ್ಚು ಜನ ತಪ್ಪೋದು ಇಲ್ಲೇ. ಮೊದಲ ಕೊಯ್ಲು 75-80 ದಿನಕ್ಕೆ. ಆಮೇಲೆ 45 ದಿನಕ್ಕೊಂದು. "ಇನ್ನೂ ಬೆಳೀಲಿ, ಜಾಸ್ತಿ ಬರುತ್ತೆ" ಅಂತ ಆಸೆ ಆಗುತ್ತೆ. ಬೆಳೆಯೋದು ಹುಲ್ಲಲ್ಲ, ದಂಟು. ಹಸು ಎಲೆ ತಿಂದು ದಂಟು ತುಳಿಯುತ್ತೆ. ಹಾಗಂತ ತೀರಾ ಎಳೆಯದನ್ನೇ ಹೊಟ್ಟೆ ತುಂಬ ಹಾಕಬೇಡಿ. ಎಳೆ ಹುಲ್ಲಿನಲ್ಲಿ ಆಕ್ಸಲೇಟ್ ಅನ್ನೋ ಅಂಶ ಹೆಚ್ಚು. ಅದು ಹಸುವಿನ ಸುಣ್ಣದಂಶವನ್ನು ಹಿಡಿದಿಟ್ಟುಬಿಡುತ್ತೆ. ರಾಗಿ ಹುಲ್ಲು ಬೆರೆಸಿ ಹಾಕಿ. ಖನಿಜ ಮಿಶ್ರಣ ಕೊಡಿ.

ಕೊಯ್ಯುವಾಗ ನೆಲದಿಂದ ಅರ್ಧ ಗೇಣು ಬಿಡಿ. ಪ್ರತಿ ಕೊಯ್ಲಾದ ಮೇಲೆ ಸೆಂಟಿಗೆ ಅರ್ಧ ಕಿಲೋಗಿಂತ ತುಸು ಹೆಚ್ಚು ಯೂರಿಯಾ ಹಾಕಿ ನೀರು ಹಾಯಿಸಿ. ಹಾಕಿದ ಹೊಸದರಲ್ಲಿ ಆ ಸಾಲಿಗೆ ಕುಡುಗೋಲು ಹಚ್ಚಬೇಡಿ, ದನ ಬಿಡಬೇಡಿ. ಗೊಬ್ಬರದ ನೈಟ್ರೇಟ್ ದಂಟಿನಲ್ಲಿ ತುಂಬಿರುತ್ತೆ. ನೀರಿಲ್ಲದೆ ಬಾಡಿದ ಹುಲ್ಲಿನಲ್ಲಿ ಇನ್ನೂ ಹೆಚ್ಚು. ದನಕ್ಕೆ ಉಸಿರು ಕಟ್ಟುತ್ತೆ, ಪ್ರಾಣವೇ ಹೋಗಬಹುದು.

ಬರೀ ನೇಪಿಯರ್ ತಿನ್ನಿಸಿದರೆ ಹೊಟ್ಟೆ ತುಂಬುತ್ತೆ, ಹಾಲಿಗೆ ಬೇಕಾದ ಸತ್ವ ಸಾಲದು. ಮೂರು ಸಾಲು ಹುಲ್ಲಿಗೆ ಒಂದು ಸಾಲು ಬೇಲಿ ಮೆಂತೆ ಹಾಕಿ. ತಮಿಳಿನಲ್ಲಿ ಅದನ್ನು ವೇಲಿ ಮಸಾಲ್ ಅಂತಾರೆ. ಅಲಸಂದೆ ಆದರೂ ಆದೀತು.

ಮೂರು ನಾಲ್ಕು ವರ್ಷ ಆದ ಮೇಲೆ ಬುಡ ದಪ್ಪಗಾಗಿ ನಡುವೆ ಒಣಗುತ್ತೆ. ಆಗ ಅಗೆದು, ಸೀಳಿ, ಬೇರೆ ಕಡೆ ನೆಡಬೇಕು.

ಇನ್ನೊಂದು ಕೆಲಸ. ಯಾವ ಸಾಲು ಯಾವತ್ತು ಕೊಯ್ದಿರಿ ಅಂತ ಗೋಡೆ ಕ್ಯಾಲೆಂಡರಿನಲ್ಲಿ ಬರೀರಿ. "1ನೇ ಸಾಲು", "2ನೇ ಸಾಲು" ಅಂತ, ನಿಮ್ಮ ಕೈಯಾರೆ. ನಲವತ್ತೈದು ದಿನ ಬೆರಳಲ್ಲಿ ಎಣಿಸಿ ನೆನಪಿಡೋಕೆ ಆಗಲ್ಲ.

ಬರುವ ಸೋಮವಾರ ನಮ್ಮ ಹೊಲದಿಂದ ದಂಟು ಕಡಿದು ತರ್ತೀನಿ. ಒಬ್ಬೊಬ್ಬರಿಗೆ ಇಪ್ಪತ್ತು ತುಂಡು. ಚೀಲ ನೀವೇ ತನ್ನಿ.